ಮಧ್ಯಾಹ್ನದ ಬಿಸಿಲು ರಾತ್ರಿ ಮನೆಗೆ ಬರುತ್ತದೆ

ಕಲಬುರಗಿಯಲ್ಲಿ ನಾವು ಬಾಡಿಗೆಗಿರುವುದು ಮೇಲಿನ ಮಹಡಿಯಲ್ಲಿ. ಮೇ ತಿಂಗಳ ಒಂದು ರಾತ್ರಿ, ಎಂಟು ಗಂಟೆ. ಬಾಲ್ಕನಿಯಲ್ಲಿ ನಿಂತರೆ ಗಾಳಿ ಪರವಾಗಿಲ್ಲ ಅನ್ನಿಸುತ್ತಿತ್ತು. ಒಳಗೆ ಕಾಲಿಟ್ಟರೆ ನೆತ್ತಿಯ ಮೇಲೆ ಯಾರೋ ಕೆಂಡದ ಬಾಣಲೆ ಹಿಡಿದ ಹಾಗೆ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರ್ ಗನ್ ಡ್ರಾಯರ್‌ನಲ್ಲಿ ಬಿದ್ದಿತ್ತು. ಸುಮ್ನೆ ಅದನ್ನು ಛಾವಣಿಗೆ ಹಿಡಿದೆ. ನಂಬರ್ ಬರಲಿಲ್ಲ, ‘ಹೈ’ ಅಂತ ಬಂತು. ಪಾಪ, ಅದು ಮನುಷ್ಯರ ಜ್ವರ ನೋಡುವ ಯಂತ್ರ, ಅದಕ್ಕಿಂತ ಮೇಲೆ ಹೋದರೆ ಕೈಚೆಲ್ಲುತ್ತದೆ. ಗುಂಡಿ ಒತ್ತಿ, ವಸ್ತುಗಳ ಬಿಸಿ ನೋಡುವ ಮೋಡ್‌ಗೆ ಹಾಕಿದೆ. 44.6 ಡಿಗ್ರಿ. ಸೂರ್ಯ ಮುಳುಗಿ ಗಂಟೆಯ ಮೇಲಾಗಿತ್ತು.

ಕೆಳಗಿನ ಮನೆಯ ಆಯಿಗೆ ಈ ವಿಷಯ ಹೇಳಿದರೆ ನಕ್ಕುಬಿಟ್ಟರು. “ಸ್ಲ್ಯಾಬಿನ ಮನಿ ಅಂದ್ರ ಹಂಚು ಇದ್ದಂಗ ನೋಡು ತಮ್ಮಾ. ಹಗಲೆಲ್ಲಾ ಕಾಯ್ತದ, ರಾತ್ರಿ ನಿಮ್ಮನ್ನ ಬೇಯಿಸ್ತದ.” ಹಂಚು ಅಂದರೆ ಇಲ್ಲಿ ರೊಟ್ಟಿ ಬೇಯಿಸುವ ಹಂಚು. ನಾನು ಆಮೇಲೆ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದೆ. ಆಯಿ ಮಾತು ಅಕ್ಷರಶಃ ನಿಜ.

ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ರೂಮು ಅಂದುಕೊಳ್ಳಿ. ಅದರ ಮೇಲಿನ ಐದಿಂಚು ದಪ್ಪದ ಸ್ಲ್ಯಾಬಿನ ತೂಕ ಸುಮಾರು 2,800 ಕೆಜಿ. ರೂಮಿನೊಳಗಿನ ಗಾಳಿಯ ತೂಕ ಎಷ್ಟಿರಬಹುದು? ಬರೀ 30 ಕೆಜಿ ಚಿಲ್ಲರೆ. ಕೆಜಿ ಲೆಕ್ಕದಲ್ಲಿ ನೋಡಿದರೆ ಗಾಳಿ, ಕಾಂಕ್ರೀಟು ಎರಡೂ ಹೆಚ್ಚುಕಡಿಮೆ ಒಂದೇ ಅಳತೆಯ ಶಾಖ ಹಿಡಿಯುತ್ತವೆ. ಅಂದರೆ ಶಾಖದ ಗೋದಾಮು ಇರುವುದು ಗಾಳಿಯಲ್ಲಲ್ಲ, ತಲೆಯ ಮೇಲಿನ ಸ್ಲ್ಯಾಬಿನಲ್ಲಿ. ಬೆಳಗ್ಗೆ 30 ಡಿಗ್ರಿ ಇದ್ದದ್ದು ಸಂಜೆಗೆ 45 ಆಗಬೇಕಾದರೆ ಅದು ಸುಮಾರು 10 ಯೂನಿಟ್ ಕರೆಂಟಿಗೆ ಸಮನಾದ ಶಾಖ ನುಂಗಿರಬೇಕು. 1,000 ವಾಟಿನ ರೂಮ್ ಹೀಟರನ್ನು ಹತ್ತು ಗಂಟೆ ಉರಿಸಿದಷ್ಟು! ಇದರಲ್ಲಿ ಒಂದು ಪಾಲು ರಾತ್ರಿ ಆಕಾಶಕ್ಕೆ ಹೋಗುತ್ತದೆ, ಉಳಿದದ್ದು ಕೆಳಗೆ ನಮ್ಮ ಹಾಸಿಗೆಗೆ. ಅದಕ್ಕೇ ಸಂಜೆ ಕಿಟಕಿ ತೆಗೆದ ತಕ್ಷಣ ಮನೆ ತಂಪಾಗುವುದಿಲ್ಲ. ಹೊಸ ಗಾಳಿ ಬಂದರೂ ಸ್ಲ್ಯಾಬು ಅದನ್ನು ಮತ್ತೆ ಕಾಯಿಸುತ್ತದೆ.

ಬೇಸಿಗೆಯಲ್ಲಿ ಛಾವಣಿಯದೇ ಯಾಕೆ ಇಷ್ಟು ಕಾಟ ಅಂದರೆ, ನಮ್ಮೂರುಗಳಲ್ಲಿ ಆಗ ಸೂರ್ಯ ನೇರ ನೆತ್ತಿಗೆ ಬರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು ಮಧ್ಯಾಹ್ನ ನೆರಳೇ ಮಾಯವಾಗುತ್ತದಲ್ಲ, ಶೂನ್ಯ ನೆರಳಿನ ದಿನ, ಅದು ಕಲಬುರಗಿಗೆ ಬರುವುದು ಮೇ 9ರ ಹೊತ್ತಿಗೆ. ಸರಿಯಾಗಿ ಕಡು ಬೇಸಿಗೆಯಲ್ಲಿ. ಆಗ ನಡುಹಗಲಲ್ಲಿ ಒಂದು ಚದರ ಮೀಟರ್ ತಾರಸಿಯ ಮೇಲೆ ಸುಮಾರು 1,000 ವಾಟ್ ಬಿಸಿಲು ಬೀಳುತ್ತದೆ. ನಮ್ಮ ಹತ್ತಡಿ ರೂಮಿನ ಮೇಲೆ ಒಂಬತ್ತು ಹೀಟರ್ ಸಾಲಾಗಿ ಇಟ್ಟ ಹಾಗೆ. ದಕ್ಷಿಣದ ಗೋಡೆಗೆ ಆಗ ಬಿಸಿಲೇ ಇಲ್ಲ ಎನ್ನಬಹುದು, ಅದರದ್ದು ಚಳಿಗಾಲದ ಪಾಳಿ. ಛಾವಣಿ ಬಿಟ್ಟರೆ ನಿಜವಾದ ಶತ್ರು ಪಶ್ಚಿಮದ ಗೋಡೆ. ಸಂಜೆ ಇಳಿಬಿಸಿಲು ಅದಕ್ಕೆ ಎದುರಾ ಎದುರು ಹೊಡೆಯುತ್ತದೆ. ಮನೆ ಹುಡುಕುವಾಗ ನಾವು ವಾಸ್ತು ಕೇಳುತ್ತೇವೆ, ನೀರು ಬರುತ್ತಾ ಕೇಳುತ್ತೇವೆ, ಬೆಡ್‌ರೂಮ್ ಪಶ್ಚಿಮಕ್ಕಿದೆಯಾ ಅಂತ ಮಾತ್ರ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಆಯಿ ಹುಟ್ಟಿದ್ದು ಮಣ್ಣಿನ ಮಾಳಿಗೆ ಮನೆಯಲ್ಲಿ. ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಕಟ್ಟಿಗೆ ಚಕ್ಕೆ, ಎಲ್ಲದರ ಮೇಲೆ ಒಂದಡಿ ಮಣ್ಣು. ಗೋಡೆ ಒಂದೂವರೆ ಅಡಿಗೆ ಕಡಿಮೆ ಇಲ್ಲ. ಮೇಲೆ ಒಂದು ಬೆಳಕಿಂಡಿ, ಬಿಸಿ ಗಾಳಿ ಏರಿ ಅಲ್ಲಿಂದ ಹೊರಬೀಳುತ್ತದೆ. ಮಣ್ಣಿನ ಗುಟ್ಟು ಇಷ್ಟೇ: ಶಾಖ ಅದರಲ್ಲಿ ತುಂಬಾ ನಿಧಾನ ಸಾಗುತ್ತದೆ. ಐದಿಂಚಿನ ಕಾಂಕ್ರೀಟನ್ನು ಮೂರ್ನಾಲ್ಕು ಗಂಟೆಯಲ್ಲಿ ದಾಟುವ ಶಾಖ, ಒಂದಡಿ ಮಣ್ಣು ದಾಟಲು ಸುಮಾರು ಹತ್ತು ಗಂಟೆ ತಗೊಳ್ಳುತ್ತದೆ. ದಾರಿಯಲ್ಲಿ ಸುಸ್ತಾಗುತ್ತದೆ ಕೂಡ. ಹೊರಮೈಯ ಬಿಸಿ ಹಗಲು ರಾತ್ರಿ ನಡುವೆ 30 ಡಿಗ್ರಿ ಏರಿಳಿದರೆ, ಒಳಮೈಯಲ್ಲಿ ಅದು ಎರಡು ಮೂರು ಡಿಗ್ರಿಗೆ ಇಳಿದಿರುತ್ತದೆ. ಮಧ್ಯಾಹ್ನದ ಬಿಸಿ ಒಳಗೆ ತಲುಪುವಷ್ಟರಲ್ಲಿ ನಡುರಾತ್ರಿ. ಅಷ್ಟೊತ್ತಿಗೆ ಮನೆಮಂದಿ ಅಂಗಳದಲ್ಲಿ ಮಲಗಿರುತ್ತಾರೆ.

ಹಾಗಂತ ಆ ಮನೆಗಳನ್ನು ಹಾಡಿ ಹೊಗಳುವವನಲ್ಲ ನಾನು. ಪ್ರತಿ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಏರಿಸಬೇಕು. ಸೋರಿದರೆ ಮನೆ ತುಂಬಾ ಪಾತ್ರೆ ಇಡಬೇಕು. ಜಂತೆ ಸಂದಿಯಿಂದ ಚೇಳು ಬೀಳುತ್ತಿತ್ತು ಅಂತ ಆಯಿಯೇ ಹೇಳುತ್ತಾರೆ. ಜನ ಸ್ಲ್ಯಾಬಿಗೆ ಓಡಿದ್ದು ಶೋಕಿಗಲ್ಲ. ಓಡುವಾಗ ಮಣ್ಣಿನ ಕೆಲಸವನ್ನು ಇನ್ಯಾರಿಗೂ ವಹಿಸದೆ ಬಂದೆವು, ಅಷ್ಟೇ ತಪ್ಪು.

ಆ ಕೆಲಸವನ್ನು ಅಗ್ಗದಲ್ಲಿ ವಹಿಸಬಹುದಾದದ್ದು ಬಿಳಿ ಬಣ್ಣಕ್ಕೆ. ಹಳೆಯ ಬೂದು ಸ್ಲ್ಯಾಬು ತನ್ನ ಮೇಲೆ ಬಿದ್ದ ಬಿಸಿಲಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ನುಂಗುತ್ತದೆ. ಹೊಸದಾಗಿ ಹೊಡೆದ ಸುಣ್ಣ ಮುಕ್ಕಾಲು ಪಾಲಿನಷ್ಟನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತದೆ. ಬಿಸಿಲು ಶಾಖವಾಗುವ ಮೊದಲೇ ತಿರುಗಿ ಹೋಯಿತು ಅಂದರೆ ಆಮೇಲೆ ಅದರ ಜೊತೆ ಗುದ್ದಾಡುವ ಕೆಲಸವೇ ಇಲ್ಲ. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೊಳೆಯುವ ತಗಡೂ ಬೆಳಕನ್ನು ಹಿಂದಕ್ಕೆ ಎಸೆಯುತ್ತದಲ್ಲ, ಮತ್ತೆ ತಗಡಿನ ಶೆಡ್ ಯಾಕೆ ಒಲೆಯಂತೆ ಕಾಯುತ್ತದೆ? ಕಾಯ್ದ ವಸ್ತು ತನ್ನ ಶಾಖವನ್ನು ಕಣ್ಣಿಗೆ ಕಾಣದ ಕಿರಣಗಳಾಗಿ ಹೊರಗೆ ಬಿಡುತ್ತಿರುತ್ತದೆ. ಸುಣ್ಣ ಇದರಲ್ಲಿ ಧಾರಾಳಿ. ಹೊಳೆಯುವ ಲೋಹ ಮಾತ್ರ ಜಿಪುಣ. ಒಳಗೆ ಸೇರಿದ ಸ್ವಲ್ಪ ಶಾಖವನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತುಕ್ಕು, ಧೂಳು ಕೂತರಂತೂ ಹೊಳಪೂ ಹೋಯಿತು.

ನಮ್ಮ ಪಕ್ಕದ ತೆಲಂಗಾಣ 2023ರಲ್ಲಿ ಇದಕ್ಕೆಂದೇ ಕೂಲ್ ರೂಫ್ ನೀತಿ ತಂದಿತು. ಅದಕ್ಕೂ ಮುಂಚೆ ಅಹಮದಾಬಾದ್ ಬಡವರ ಬಡಾವಣೆಗಳಲ್ಲಿ ಛಾವಣಿಗೆ ಸುಣ್ಣ ಹೊಡೆಸಿತ್ತು. 2010ರಲ್ಲಿ ಆ ಊರು ಬಿಸಿಗಾಳಿಗೆ ತತ್ತರಿಸಿತ್ತು, 2013ರಲ್ಲಿ ಬಿಸಿಲು ಎದುರಿಸುವ ಯೋಜನೆಯನ್ನೇ ಮಾಡಿಕೊಂಡಿತು.

ನಾನು ಮಾಲೀಕರನ್ನು ಒಪ್ಪಿಸಲು ಒಂದು ವಾರ ಹಿಡಿಯಿತು. “ಬಾಡಿಗೆ ಮನೆಗೆ ಯಾಕ್ರೀ ಇಷ್ಟು ಉಸಾಬರಿ?” ಅಂದರು. ಕೊನೆಗೆ ಖರ್ಚು ನನ್ನದು ಅಂದ ಮೇಲೆ ಹೂಂ ಅಂದರು. ಸುಣ್ಣವನ್ನು ಹಿಂದಿನ ರಾತ್ರಿಯೇ ನೀರಲ್ಲಿ ಹಾಕಿ, ಸೋಸಿ, ಉದುರದ ಹಾಗೆ ಸ್ವಲ್ಪ ಅಂಟು ಕಲೆಸಿದ್ದೆ. ತಾರಸಿಯನ್ನು ಗುಡಿಸಿ ತೊಳೆದದ್ದೇ ದೊಡ್ಡ ಕೆಲಸ. ಬೆಳಗ್ಗೆ ಆರಕ್ಕೆ ಶುರು ಮಾಡಿ ಎಂಟೂವರೆಗೆ ಎರಡು ಕೋಟ್ ಮುಗಿಸಿದೆ. ಆಮೇಲೆ ಅಲ್ಲಿ ಕಣ್ಣು ಬಿಡೋಕೆ ಆಗಲಿಲ್ಲ, ಅಷ್ಟು ಹೊಳಪು.

ನೀರಿನ ವಿಷಯಕ್ಕೆ ಬರೋಣ. ಒಂದು ಲೀಟರ್ ನೀರು ಆವಿಯಾಗಲು ಮುಕ್ಕಾಲು ಯೂನಿಟ್ಟಿಗಿಂತ ಕೊಂಚ ಕಡಿಮೆ ಶಾಖ ಬೇಕು. ಸ್ಲ್ಯಾಬಿನಲ್ಲಿ ಕೂತ ಆ 10 ಯೂನಿಟ್ಟನ್ನು ತೆಗೆಯಲು ಕಾಗದದ ಮೇಲೆ 15 ಲೀಟರ್ ಸಾಕು. ಒಂದೇ ಒಂದು ಬಕೆಟ್! ಆದರೆ ನಾವು ಮಾಡುವುದೇನು? ಪೈಪ್ ಹಿಡಿದು ಅರ್ಧ ಗಂಟೆ ನೀರು ಬಿಡುತ್ತೇವೆ. ಮುಕ್ಕಾಲು ನೀರು ಆವಿಯಾಗದೆ ಕೊಳವೆಯಿಂದ ಚರಂಡಿಗೆ ಹೋಗುತ್ತದೆ. ತಂಪು ಮಾಡುವುದು ಸುರಿದ ನೀರಲ್ಲ, ಆರಿದ ನೀರು. ಅದಕ್ಕೆ ಗೋಣಿ ತಟ್ಟು ಹಾಸಿ ಚಿಮುಕಿಸಿದರೆ ಒಳ್ಳೆಯದು. ತಟ್ಟು ನೀರನ್ನು ಹಿಡಿದಿಟ್ಟುಕೊಂಡು ನಿಧಾನ ಬಿಡುತ್ತದೆ. ಟ್ಯಾಂಕರ್‌ಗೆ ಕಾಯುವ ಊರಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಕಿಟಕಿಯ ಬಗ್ಗೆ ನಮ್ಮ ಮನೆಯಲ್ಲಿ ದಿನವೂ ಜಗಳ. ಸೆಖೆ ಅಂತ ಮಧ್ಯಾಹ್ನ ತೆಗೆಯುವುದು ನನ್ನ ಹೆಂಡತಿಯ ಅಭ್ಯಾಸ. ಹೊರಗೆ 42, ಒಳಗೆ 35 ಇರುವಾಗ ಕಿಟಕಿ ತೆಗೆದರೆ ಬರುವುದು ತಂಗಾಳಿಯಲ್ಲ, ಝಳ. ಬೆಳಗ್ಗೆ ಒಂಬತ್ತರ ಒಳಗೆ ಮುಚ್ಚಬೇಕು, ಹೊರಗಿನ ಗಾಳಿ ಒಳಗಿನದಕ್ಕಿಂತ ತಣ್ಣಗಾದ ಮೇಲೆ ಎದುರುಬದುರು ಕಿಟಕಿ ತೆಗೆದು ಬೆಳಗಿನವರೆಗೂ ಬಿಡಬೇಕು. ಸೊಳ್ಳೆ ಪರದೆ ಇಲ್ಲದಿದ್ದರೆ ಈ ಮಾತೆಲ್ಲ ದಂಡ, ಅದೂ ಗೊತ್ತು. ಇನ್ನು ಪಶ್ಚಿಮದ ಗಾಜಿನ ಕಿಟಕಿಗೆ ಒಳಗಡೆ ಎಷ್ಟು ದಪ್ಪ ಪರದೆ ಹಾಕಿದರೂ ಅರ್ಧ ಸೋತ ಹಾಗೆ. ಬಿಸಿಲು ಆಗಲೇ ಗಾಜು ದಾಟಿ ಒಳಗೆ ಬಂದಾಯಿತು. ಕಾಯ್ದ ಪರದೆ ಬಿಡುವ ಶಾಖ ವಾಪಸ್ ಗಾಜು ದಾಟಿ ಹೋಗುವುದಿಲ್ಲ. ಬಿದಿರಿನ ತಟ್ಟಿಯನ್ನು ಹೊರಗಡೆಯೇ ಇಳಿಬಿಡಿ.

ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ, ನಮ್ಮನ್ನು ತಂಪು ಮಾಡುತ್ತದೆ. ಬೆವರು ಬೇಗ ಆರಿಸುತ್ತದೆ, ಅಷ್ಟೇ. ಯಾರೂ ಇಲ್ಲದ ರೂಮಲ್ಲಿ ಫ್ಯಾನ್ ತಿರುಗಿದರೆ ಅದರ ಮೋಟಾರಿನ ಬಿಸಿ ರೂಮಿಗೆ ಸೇರುತ್ತದೆ. ಗಾಳಿ 40 ಡಿಗ್ರಿ ದಾಟಿದಾಗ ಬರೀ ಫ್ಯಾನ್ ನಂಬಬೇಡಿ, ಅದು ಮೈಯನ್ನು ಇನ್ನೂ ಕಾಯಿಸುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆಗ ಮೈ ಒದ್ದೆ ಮಾಡಿಕೊಳ್ಳಬೇಕು, ಇಲ್ಲವೇ ತಂಪಾದ ಬೇರೆ ಜಾಗಕ್ಕೆ ಹೋಗಬೇಕು. ಮನೆಯಲ್ಲಿ ವಯಸ್ಸಾದವರು, ಕೂಸುಗಳಿದ್ದರೆ ಇದನ್ನು ಮರೆಯುವ ಹಾಗಿಲ್ಲ.

ನಮ್ಮಲ್ಲಿ ಕೂಲರ್ ಬಡವರ ಎ.ಸಿ. ಅದನ್ನು ನೋಡಿಹೋದ ನನ್ನ ಮಂಗಳೂರಿನ ನಾದಿನಿ, ಅಲ್ಲಿಯೂ ಒಂದು ಕೊಂಡಳು. ನಾಲ್ಕೇ ದಿನ. “ಭಾವ, ಇದು ಕೂಲರೋ, ಇಡ್ಲಿ ಪಾತ್ರೆಯೋ?” ಅಂತ ಫೋನ್. ತಪ್ಪು ಕೂಲರಿನದಲ್ಲ. ಥರ್ಮಾಮೀಟರಿನ ತುದಿಗೆ ಒದ್ದೆ ಬಟ್ಟೆ ಸುತ್ತಿ ಬೀಸುವ ಗಾಳಿಗೆ ಹಿಡಿದರೆ ಒಂದು ಮಟ್ಟಕ್ಕೆ ಇಳಿದು ನಿಲ್ಲುತ್ತದೆ. ಯಾವ ಕೂಲರೂ ಅದಕ್ಕಿಂತ ಕೆಳಗೆ ಹೋಗಲಾರದು. ಕಲಬುರಗಿಯ ಮಧ್ಯಾಹ್ನ 42 ಡಿಗ್ರಿ ಬಿಸಿ, 15 ಶೇಕಡಾ ತೇವ ಇದ್ದರೆ ಆ ಮಟ್ಟ ಸುಮಾರು 22. ಇಳಿಯಲು 20 ಡಿಗ್ರಿ ಜಾಗ ಇದೆ. ಮಂಗಳೂರಲ್ಲಿ 34 ಡಿಗ್ರಿ, 70 ಶೇಕಡಾ ತೇವ ಅಂದರೆ ಆ ಮಟ್ಟ 29. ಐದು ಡಿಗ್ರಿಯ ಆಸೆಗೆ ಮನೆಯ ತೇವ ಏರಿಸಿಕೊಂಡರೆ ಬೆವರು ಆರುವುದೂ ನಿಂತುಹೋಗುತ್ತದೆ. ಇಲ್ಲೂ ಕಿಟಕಿ ಮುಚ್ಚಿ ಕೂಲರ್ ಹಾಕಿದರೆ ಒಂದು ಗಂಟೆಯಲ್ಲಿ ರೂಮು ಮಂಗಳೂರಾಗುತ್ತದೆ. ಕೂಲರ್ ಹೊರಗಿನ ಒಣ ಗಾಳಿ ಎಳೆಯಬೇಕು, ಎದುರಿನ ಕಿಟಕಿ ಒಂದು ಗೇಣಾದರೂ ತೆರೆದಿರಬೇಕು.

ಕರಾವಳಿಗೆ ಬೇಕಾದದ್ದು ಭಾರದ ಗೋಡೆಯೂ ಅಲ್ಲ, ನೀರೂ ಅಲ್ಲ. ನೆರಳು, ಗಾಳಿ. ಅಲ್ಲಿ ರಾತ್ರಿಯೂ ಅಷ್ಟೇನೂ ತಣ್ಣಗಾಗುವುದಿಲ್ಲ, ಹಾಗಾಗಿ ಶಾಖ ಕೂಡಿಡುವ ದಪ್ಪ ಗೋಡೆಗೆ ಲಾಭ ಕಡಿಮೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಮಾಡಲು ಶುರು ಮಾಡಿದ ಹೆಂಚು ಇದಕ್ಕೆ ಹೇಳಿ ಮಾಡಿಸಿದ್ದು. ತೆಳ್ಳಗೆ, ಹಗುರ, ಸಂದಿಯಲ್ಲಿ ಗಾಳಿ ಆಡುತ್ತದೆ. ಸಂಜೆಯಾದ ಕೂಡಲೇ ಆರುತ್ತದೆ. ಕೆಳಗೊಂದು ಅಟ್ಟ ಇದ್ದರೆ ಬಿಸಿ ಅಲ್ಲೇ ತಡೆಯುತ್ತದೆ.

ಎ.ಸಿ. ಬೇಡ ಅನ್ನುವವನಲ್ಲ ನಾನು, ಹಾಕಿಸುವ ಮೊದಲು ಛಾವಣಿ ನೋಡಿ ಅಷ್ಟೇ. ಒಂದು ‘ಟನ್’ ಎ.ಸಿ. ಅಂದರೆ ಒಂದು ಅಮೆರಿಕನ್ ಟನ್, ಅಂದರೆ 907 ಕೆಜಿ, ಮಂಜುಗಡ್ಡೆ ಒಂದು ದಿನದಲ್ಲಿ ಕರಗುತ್ತಾ ಎಷ್ಟು ಶಾಖ ಹೀರುತ್ತದೋ ಅಷ್ಟು ಹೀರುವ ತಾಕತ್ತು. ಐಸ್ ಗಾಡಿಗಳ ಕಾಲದ ಅಳತೆ ಇನ್ನೂ ಉಳಿದುಕೊಂಡಿದೆ. ಸ್ಲ್ಯಾಬು ಬರಿಮೈಯಲ್ಲಿ ಬಿಸಿಲು ಕಾಯಿಸುತ್ತಿದ್ದರೆ ಈ ಗಡ್ಡೆಯ ದೊಡ್ಡ ಪಾಲು ಅದಕ್ಕೇ ಕರಗುತ್ತದೆ. ಬಿಲ್ಲು ನಮಗೆ.

ಸುಣ್ಣ ಹೊಡೆದ ನಾಲ್ಕನೇ ದಿನ, ಬಿಸಿಲು ಹಿಂದಿನಷ್ಟೇ ಇತ್ತು. ರಾತ್ರಿ ಎಂಟಕ್ಕೆ ಮತ್ತೆ ಗನ್ ಹಿಡಿದೆ. 38.7. ಚಳಿಯೇನೂ ಅಲ್ಲ, ಆದರೆ ಫ್ಯಾನ್ ಕೆಳಗೆ ನಿದ್ದೆ ಬಂತು. ತಕರಾರು ಬಂದದ್ದು ಆಯಿಯಿಂದ. ಅವರು ಪ್ರತಿ ವರ್ಷ ನಮ್ಮ ತಾರಸಿ ಮೇಲೆ ಸಂಡಿಗೆ ಹಾಕುತ್ತಾರೆ. ಮೇಲಿಂದ ಬಿಸಿಲು, ಕೆಳಗಿಂದ ಕಾಯ್ದ ಸ್ಲ್ಯಾಬು, ಒಂದೂವರೆ ದಿನಕ್ಕೆ ಗರಿಗರಿ. ಈ ಸಲ ಎರಡು ದಿನವಾದರೂ ತಳ ಒಣಗಿರಲಿಲ್ಲ. “ಹಂಚು ಆರಿಸಿಬಿಟ್ಟಿ ತಮ್ಮಾ,” ಅಂತ ಬೈದುಕೊಂಡು, ಸಂಡಿಗೆ ಹಾಳೆ ಎತ್ತಿ ಪಕ್ಕದ ಮನೆಯ ತಾರಸಿಗೆ ಹೋದರು.