ಎಮೋರಿ ದೊಡ್ಡ ಹೆಸರೇ? ಯಾರ ಕಣ್ಣಿಗೆ?

ಅಮೆರಿಕದ ದಕ್ಷಿಣ ರಾಜ್ಯಗಳ ಖಾಸಗಿ ವಿಶ್ವವಿದ್ಯಾಲಯಗಳ ಮಾತೆತ್ತಿದರೆ ಮಕ್ಕಳ ವಿದೇಶದ ಓದಿಗೆ ಸಲಹೆ ಕೇಳಲು ನನ್ನ ಎದುರು ಕೂತ ತಂದೆತಾಯಿಯರ ಮುಖದಲ್ಲಿ ಒಂದು ಅನುಮಾನ ಸುಳಿಯುತ್ತದೆ. ಡ್ಯೂಕ್ ಹೆಸರು ಕೆಲವರ ಕಿವಿಗೆ ಬಿದ್ದಿರುತ್ತದೆ. ವ್ಯಾಂಡರ್‌ಬಿಲ್ಟ್, ರೈಸ್, ಟುಲೇನ್, ಎಮೋರಿ ಎಂದರೆ "ನಾವು ಕೇಳೇ ಇಲ್ಲವಲ್ಲ ಸಾರ್, ಒಳ್ಳೇ ಯೂನಿವರ್ಸಿಟಿನಾ?" ಎನ್ನುತ್ತಾರೆ. ಮಗ ಅಥವಾ ಮಗಳು ಅಷ್ಟರಲ್ಲಿ ಫೋನಿನಲ್ಲಿ ರ‍್ಯಾಂಕಿಂಗ್ ತೆಗೆದು ಅಪ್ಪನ ಮುಂದೆ ಹಿಡಿದಿರುತ್ತಾರೆ. ಒಂದು ಪಟ್ಟಿಯಲ್ಲಿ ಇಪ್ಪತ್ತರ ಆಸುಪಾಸು, ಇನ್ನೊಂದರಲ್ಲಿ ನೂರರ ಆಚೆ. ಯಾವುದನ್ನು ನಂಬುವುದು?

ಅಟ್ಲಾಂಟಾದ ಎಮೋರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಹೆಸರು ಒಂದು ಕಡೆ, ಬಲ ಇನ್ನೊಂದು ಕಡೆ ಇರುವ ಸಂಸ್ಥೆ ಇದು. ಅದರ ಬಲವನ್ನು ಹೆಸರಿನಿಂದ ಅಳೆಯಲು ಹೋದರೆ ಕೆಲವರು ಸಿಗುವುದನ್ನು ಬಿಟ್ಟುಬರುತ್ತಾರೆ, ಕೆಲವರು ಬೇಡದ್ದಕ್ಕೆ ಕೋಟಿ ಸುರಿಯುತ್ತಾರೆ.

ಮೊದಲು ಹುಟ್ಟಿನ ವಿಷಯ. ದಕ್ಷಿಣದ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳ ಹಿಂದೆ ಸಾಮಾನ್ಯವಾಗಿ ಒಬ್ಬ ಸಾಹುಕಾರನ ಹಣವಿದೆ. ವ್ಯಾಂಡರ್‌ಬಿಲ್ಟ್‌ಗೆ ರೈಲು ಮತ್ತು ಹಡಗಿನ ದುಡ್ಡು, ಡ್ಯೂಕ್‌ಗೆ ತಂಬಾಕು ಮತ್ತು ವಿದ್ಯುತ್ತಿನ ದುಡ್ಡು, ಎಮೋರಿಗೆ ಕೋಕಾ-ಕೋಲಾ. 1836ರಲ್ಲಿ ಜಾರ್ಜಿಯಾದ ಆಕ್ಸ್‌ಫರ್ಡ್ ಎಂಬ ಪುಟ್ಟ ಊರಿನಲ್ಲಿ ಮೆಥೊಡಿಸ್ಟ್ ಕ್ರೈಸ್ತರು ಶುರುಮಾಡಿದ ಕಾಲೇಜು ಇದು. 1914ರಲ್ಲಿ ವ್ಯಾಂಡರ್‌ಬಿಲ್ಟ್ ಮೇಲಿನ ಹಿಡಿತವನ್ನು ಮೆಥೊಡಿಸ್ಟ್ ಚರ್ಚು ನ್ಯಾಯಾಲಯದಲ್ಲಿ ಕಳೆದುಕೊಂಡಿತು, ತನ್ನದೇ ಆದ ಬೇರೆ ವಿಶ್ವವಿದ್ಯಾಲಯ ಬೇಕೆಂದು ಹೊರಟಿತು. ಆಗ ಕೋಕಾ-ಕೋಲಾದ ಏಸಾ ಕ್ಯಾಂಡ್ಲರ್ ಹತ್ತು ಲಕ್ಷ ಡಾಲರ್ ಮತ್ತು ಅಟ್ಲಾಂಟಾದ ಅಂಚಿನಲ್ಲಿ ಜಮೀನು ಕೊಟ್ಟ. ಅವನ ತಮ್ಮ ವಾರನ್ ಅದೇ ಚರ್ಚಿನ ಬಿಷಪ್ ಆಗಿದ್ದದ್ದು ಕಾಕತಾಳೀಯವೇನಲ್ಲ. 1979ರಲ್ಲಿ ಅದೇ ಕಂಪನಿಯ ರಾಬರ್ಟ್ ವುಡ್‌ರಫ್ ಮತ್ತು ಅವರ ಸೋದರ ಜಾರ್ಜ್ 10.5 ಕೋಟಿ ಡಾಲರ್ ಬೆಲೆಯ ಷೇರುಗಳನ್ನು ಕೊಟ್ಟರು. ಅಮೆರಿಕದ ಒಂದೇ ವಿದ್ಯಾಸಂಸ್ಥೆಗೆ ಅಲ್ಲಿಯವರೆಗೆ ಸಂದ ಅತಿ ದೊಡ್ಡ ದಾನ ಅದು. ಒಂದು ಪ್ರಾದೇಶಿಕ ಕಾಲೇಜು ಸಂಶೋಧನಾ ವಿಶ್ವವಿದ್ಯಾಲಯವಾಗಿ ಬೆಳೆದದ್ದು ಆ ಹಣದ ಬಲದಿಂದ. 1995ರಲ್ಲಿ ಅದು ಅಮೆರಿಕದ ಪ್ರಮುಖ ಸಂಶೋಧನಾ ವಿಶ್ವವಿದ್ಯಾಲಯಗಳ ಒಕ್ಕೂಟವನ್ನು ಸೇರಿತು. ಡ್ಯೂಕ್ ಅದೇ ಒಕ್ಕೂಟಕ್ಕೆ 1938ರಲ್ಲೇ ಹೋಗಿ ಕೂತಿತ್ತು. ದಕ್ಷಿಣದ ಲೆಕ್ಕದಲ್ಲೂ ಎಮೋರಿ ತಡವಾಗಿ ಬಂದ ನೆಂಟ.

ಅಮೆರಿಕನ್ನರಿಗೇ ಎಮೋರಿ ಅಷ್ಟಾಗಿ ಗೊತ್ತಿಲ್ಲ ಎಂದರೆ ನಮ್ಮವರು ನಂಬುವುದಿಲ್ಲ. ಕಾರಣ ಸರಳ, ಅದಕ್ಕೆ ಫುಟ್‌ಬಾಲ್ ತಂಡವಿಲ್ಲ. ಅಲ್ಲಿ ವಿಶ್ವವಿದ್ಯಾಲಯದ ಹೆಸರು ಜನಸಾಮಾನ್ಯರ ಬಾಯಿಗೆ ಬರುವುದು ಶನಿವಾರ ಟಿವಿಯಲ್ಲಿ ಬರುವ ಕಾಲೇಜು ಪಂದ್ಯಗಳಿಂದ. ಡ್ಯೂಕ್ ಬ್ಯಾಸ್ಕೆಟ್‌ಬಾಲ್ ಆಡುತ್ತದೆ. ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳ ನಡುವೆ ಫುಟ್‌ಬಾಲ್ ಆಡುವ ವ್ಯಾಂಡರ್‌ಬಿಲ್ಟ್ 2024ರಲ್ಲಿ ಮೊದಲ ಸ್ಥಾನದ ಅಲಬಾಮಾವನ್ನು ಸೋಲಿಸಿದಾಗ ದೇಶವೆಲ್ಲ ಆ ಹೆಸರು ಉಚ್ಚರಿಸಿತು. ಎಮೋರಿಯಲ್ಲಿ ಹುಡುಗರು "ಎಮೋರಿ ಫುಟ್‌ಬಾಲ್: ಇಂದಿಗೂ ಸೋಲಿಲ್ಲ" ಎಂಬ ಟಿ-ಶರ್ಟ್ ಹಾಕಿಕೊಂಡು ನಗುತ್ತಾರೆ. ಸೋಲಲು ತಂಡವಾದರೂ ಇರಬೇಕಲ್ಲ! ಹೀಗಾಗಿ ಟೆಕ್ಸಾಸಿನಲ್ಲಿರುವ ನಿಮ್ಮ ಭಾವಮೈದ "ಎಮೋರಿನಾ? ಸುಮಾರು" ಎಂದರೆ ಅದನ್ನು ಶೈಕ್ಷಣಿಕ ತೀರ್ಪು ಎಂದುಕೊಳ್ಳಬೇಡಿ. ಅವರ ಆಫೀಸಿನ ಕಾಫಿ ಮೇಜಿನಲ್ಲಿ ಆ ಹೆಸರು ಬರುವುದಿಲ್ಲ ಅಷ್ಟೆ. ಆಸ್ಪತ್ರೆಗಳಲ್ಲಿ, ಔಷಧ ಕಂಪನಿಗಳಲ್ಲಿ, ಸಾರ್ವಜನಿಕ ಆರೋಗ್ಯ ಇಲಾಖೆಗಳಲ್ಲಿ ಕೇಳಿ ನೋಡಿ, ಉತ್ತರವೇ ಬೇರೆ.

ಇನ್ನು ರ‍್ಯಾಂಕಿಂಗ್. ಎಮೋರಿಯ ಇತಿಹಾಸದಲ್ಲೇ ಇದರ ಬಗ್ಗೆ ಒಂದು ಪಾಠವಿದೆ. 2012ರ ಆಗಸ್ಟ್‌ನಲ್ಲಿ ಆ ವಿಶ್ವವಿದ್ಯಾಲಯ ತಾನೇ ಒಪ್ಪಿಕೊಂಡಿತು: 2000ದಿಂದಲೂ ರ‍್ಯಾಂಕಿಂಗ್ ಸಂಸ್ಥೆಗಳಿಗೆ ಕೊಟ್ಟ ಅಂಕಿಗಳು ಬೇಕೆಂದೇ ತಿರುಚಿದಂಥವು. ನಿಜವಾಗಿ ಬಂದು ಸೇರಿದವರ ಎಸ್‌ಎಟಿ ಪ್ರವೇಶ ಪರೀಕ್ಷೆಯ ಅಂಕ ಕೊಡಬೇಕಾದ ಕಡೆ ಸೀಟು ಸಿಕ್ಕವರೆಲ್ಲರ ಅಂಕ ಕೊಟ್ಟಿದ್ದರು. ಸೀಟು ಸಿಕ್ಕ ಅತಿ ಜಾಣರು ಹೆಚ್ಚಾಗಿ ಬೇರೆಡೆ ಹೋಗುತ್ತಾರಲ್ಲ, ಆದ್ದರಿಂದ ಸರಾಸರಿ ತಾನಾಗಿ ಮೇಲೇರುತ್ತಿತ್ತು. ಪಟ್ಟಿ ತಯಾರಿಸುವ ಯುಎಸ್ ನ್ಯೂಸ್ ಲೆಕ್ಕ ಹಾಕಿ, ಇದರಿಂದ ಸ್ಥಾನದಲ್ಲಿ ಹೆಚ್ಚೇನೂ ವ್ಯತ್ಯಾಸವಾಗುತ್ತಿರಲಿಲ್ಲ ಎಂದಿತು. ನನಗೆ ಆ ಮಾತೇ ಹೆಚ್ಚು ಕುತೂಹಲದ್ದು. ದಶಕಕ್ಕೂ ಹೆಚ್ಚು ಕಾಲ ಸುಳ್ಳು ಹೇಳಿ ಗಿಟ್ಟಿದ್ದು ಬಹುಶಃ ಏನೂ ಇಲ್ಲ.

ಇನ್ನೊಂದು ಸಂಗತಿ. 2023ರ ಸೆಪ್ಟೆಂಬರ್‌ನಲ್ಲಿ ಯುಎಸ್ ನ್ಯೂಸ್ ತನ್ನ ಸೂತ್ರ ಬದಲಿಸಿತು. ತರಗತಿಯ ಗಾತ್ರ, ಹಳೆಯ ವಿದ್ಯಾರ್ಥಿಗಳ ದೇಣಿಗೆಯಂಥವನ್ನು ಕೈಬಿಟ್ಟು, ಬಡ ಕುಟುಂಬದ ಮಕ್ಕಳು ಎಷ್ಟರಮಟ್ಟಿಗೆ ಪದವಿ ಮುಗಿಸುತ್ತಾರೆ ಎಂಬುದಕ್ಕೆ ಹೆಚ್ಚು ತೂಕ ಕೊಟ್ಟಿತು. ಒಂದೇ ರಾತ್ರಿಯಲ್ಲಿ ಟುಲೇನ್ 44ರಿಂದ 73ಕ್ಕೆ, ವ್ಯಾಂಡರ್‌ಬಿಲ್ಟ್ 13ರಿಂದ 18ಕ್ಕೆ ಜಾರಿದವು. ಎಮೋರಿ 22ರಿಂದ 24ಕ್ಕೆ ಇಳಿಯಿತು. ಆ ರಾತ್ರಿ ಯಾವ ಪ್ರಾಧ್ಯಾಪಕರೂ ಕೆಲಸ ಬಿಟ್ಟಿರಲಿಲ್ಲ, ಯಾವ ಪ್ರಯೋಗಾಲಯವೂ ಬಾಗಿಲು ಹಾಕಿರಲಿಲ್ಲ. ಪಟ್ಟಿಯಲ್ಲಿ ಎರಡು ಮೂರು ಸ್ಥಾನದ ವ್ಯತ್ಯಾಸಕ್ಕೆ ಮನೆಯಲ್ಲಿ ಜಗಳ ಆಡುವವರಿಗೆ ನಾನು ಇದನ್ನೇ ಹೇಳುವುದು.

ಹಾಗಾದರೆ ಎಮೋರಿಯ ನಿಜವಾದ ಬಲ ಎಲ್ಲಿದೆ? ಕ್ಲಿಫ್ಟನ್ ರಸ್ತೆಯಲ್ಲಿ.

ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಮಲೇರಿಯಾ ನಿಯಂತ್ರಿಸಲೆಂದು ಅಮೆರಿಕ ಸರ್ಕಾರ ಅಟ್ಲಾಂಟಾದಲ್ಲಿ ಒಂದು ಕಚೇರಿ ತೆರೆಯಿತು. ಮಲೇರಿಯಾ ಕಾಟ ಹೆಚ್ಚಿದ್ದದ್ದು ದಕ್ಷಿಣದಲ್ಲೇ ಆದ್ದರಿಂದ ರಾಜಧಾನಿಯಿಂದ ದೂರ, ಇಲ್ಲಿ. ಮರುವರ್ಷ ಎಮೋರಿ ಕ್ಲಿಫ್ಟನ್ ರಸ್ತೆಯಲ್ಲಿ ತನ್ನ ಪಕ್ಕದ 15 ಎಕರೆ ಜಾಗವನ್ನು ಹೆಸರಿಗೆ ಮಾತ್ರ 10 ಡಾಲರ್ ಪಡೆದು ಅದಕ್ಕೆ ಕೊಟ್ಟಿತು. ಆ ಕಚೇರಿಯೇ ಇಂದಿನ ಸಿಡಿಸಿ. ಜಗತ್ತಿನ ಅತಿ ಪ್ರಭಾವಿ ರೋಗ ನಿಯಂತ್ರಣ ಸಂಸ್ಥೆ ನಡೆದು ಹೋಗುವಷ್ಟು ಹತ್ತಿರ ಇರುವ ವಿಶ್ವವಿದ್ಯಾಲಯ ಇನ್ನೊಂದಿಲ್ಲ. ಅಲ್ಲಿನ ವಿಜ್ಞಾನಿಗಳು ಇಲ್ಲಿ ಪಾಠ ಮಾಡುತ್ತಾರೆ, ಇಲ್ಲಿನ ವಿದ್ಯಾರ್ಥಿಗಳು ಅಲ್ಲಿ ಕೆಲಸ ಕಲಿಯುತ್ತಾರೆ. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ತಗುಲಿದ ಇಬ್ಬರು ಅಮೆರಿಕನ್ನರನ್ನು ವಿಮಾನದಲ್ಲಿ ತಂದದ್ದು ಎಮೋರಿ ಆಸ್ಪತ್ರೆಗೆ. ಅಮೆರಿಕದ ನೆಲದಲ್ಲಿ ಎಬೋಲಾ ಚಿಕಿತ್ಸೆ ಶುರುವಾದದ್ದು ಹಾಗೆ. ಅಲ್ಲಿ ಚಿಕಿತ್ಸೆ ಪಡೆದ ನಾಲ್ವರೂ ಗುಣವಾಗಿ ಮನೆಗೆ ಹೋದರು. ಅದಕ್ಕೆ ಬೇಕಾದ ಪ್ರತ್ಯೇಕ ವಾರ್ಡನ್ನು ಸಿಡಿಸಿ ಜೊತೆ ಸೇರಿ ಹನ್ನೆರಡು ವರ್ಷ ಮೊದಲೇ ಕಟ್ಟಿ ಇಟ್ಟುಕೊಂಡಿದ್ದರು.

ಔಷಧಗಳ ಕಡೆಗೂ ನೋಡಬೇಕು. ಎಚ್‌ಐವಿ ಚಿಕಿತ್ಸೆಯ ಎಷ್ಟೋ ಮಾತ್ರೆಗಳಲ್ಲಿ ಇರುವ ಎಮ್‌ಟ್ರಿಸಿಟಬಿನ್ ಇಲ್ಲಿನ ರಸಾಯನಶಾಸ್ತ್ರ ಪ್ರಯೋಗಾಲಯದ ಕೂಸು. ಡೆನಿಸ್ ಲಿಯೊಟ್ಟಾ, ರೇಮಂಡ್ ಶಿನಾಜಿ, ವೂ-ಬೇಗ್ ಚೋಯ್ ಕಂಡುಹಿಡಿದದ್ದು. ಅದರ ರಾಯಲ್ಟಿಯನ್ನು 2005ರಲ್ಲಿ 52.5 ಕೋಟಿ ಡಾಲರ್‌ಗೆ ಮಾರಿದರು. ಕೋವಿಡ್ ಕಾಲದ ಮೊಲ್ನುಪಿರಾವಿರ್ ಕೂಡ ಇಲ್ಲಿಯದೇ. 2021ರ ಡಿಸೆಂಬರ್‌ನಲ್ಲಿ ಭಾರತದಲ್ಲಿ ಅದಕ್ಕೆ ತುರ್ತು ಬಳಕೆಯ ಅನುಮತಿ ಸಿಕ್ಕಿ ನಮ್ಮ ಹಲವು ಕಂಪನಿಗಳು ತಯಾರಿಸಿದವು. ಆದರೆ ಸುರಕ್ಷತೆಯ ಅನುಮಾನದಿಂದ ಐಸಿಎಂಆರ್ ಅದನ್ನು ತನ್ನ ಚಿಕಿತ್ಸಾ ಕ್ರಮದಲ್ಲಿ ಸೇರಿಸಲಿಲ್ಲ.

ಕರ್ನಾಟಕದ ಎಂಬಿಬಿಎಸ್, ಬಿಡಿಎಸ್ ಪದವೀಧರರು ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಎಂದು ಕೇಳಿಕೊಂಡು ಬಂದಾಗ ಎಮೋರಿಯ ರಾಲಿನ್ಸ್ ಶಾಲೆಯ ಹೆಸರನ್ನು ನಾನು ಜಾನ್ಸ್ ಹಾಪ್ಕಿನ್ಸ್, ಹಾರ್ವರ್ಡ್‌ಗಳ ಸಾಲಿನಲ್ಲೇ, ಹಿಂಜರಿಕೆಯಿಲ್ಲದೆ ಇಡುತ್ತೇನೆ. ಅಲ್ಲಿ ಎಮೋರಿ ಯಾವ ವಿಶ್ವವಿದ್ಯಾಲಯಕ್ಕೂ ತಲೆ ತಗ್ಗಿಸಬೇಕಿಲ್ಲ. ಆದರೆ ಈಗ ಒಂದು ಮಾತು ಸೇರಿಸುತ್ತೇನೆ. 2025ರಲ್ಲಿ ಸಿಡಿಸಿಯಲ್ಲಿ ದೊಡ್ಡ ಪ್ರಮಾಣದಲ್ಲಿ ಉದ್ಯೋಗ ಕಡಿತವಾಯಿತು, ಒಕ್ಕೂಟ ಸರ್ಕಾರದ ಸಂಶೋಧನಾ ಅನುದಾನಗಳೂ ತೂಗುಯ್ಯಾಲೆಯಲ್ಲಿವೆ. ನೆರೆಮನೆಯೇ ಆಸ್ತಿಯಾಗಿದ್ದಾಗ ನೆರೆಮನೆಯ ಕಷ್ಟ ನಮ್ಮ ಮನೆಗೂ ಬರುತ್ತದೆ. ಕಲಿಕೆಯ ಗುಣಮಟ್ಟಕ್ಕೆ ತಕ್ಷಣ ಧಕ್ಕೆಯಿಲ್ಲದಿದ್ದರೂ, ಸಾಲ ಮಾಡಿ ಹೋಗುವ ವಿದೇಶಿ ವಿದ್ಯಾರ್ಥಿ ಅಮೆರಿಕದಲ್ಲೇ ಸರ್ಕಾರಿ ಆರೋಗ್ಯ ಕ್ಷೇತ್ರದ ಕೆಲಸ ಸಿಗುತ್ತದೆಂದು ಲೆಕ್ಕ ಹಾಕಿಕೊಂಡು ಹೋಗಬಾರದು.

ಇಷ್ಟೆಲ್ಲ ಹೇಳಿದ ಮೇಲೆ ಪೋಷಕರು ಕಣ್ಣರಳಿಸಿ, "ಹಾಗಿದ್ದರೆ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಇಲ್ಲೇ ಮಾಡಲಿ" ಎನ್ನುತ್ತಾರೆ. ಎಮೋರಿಯಲ್ಲಿ ಎಂಜಿನಿಯರಿಂಗ್ ಕಾಲೇಜೇ ಇಲ್ಲ. ಕಂಪ್ಯೂಟರ್ ಸೈನ್ಸನ್ನು ಬಿಎಸ್ ಆಗಿ ಓದಬಹುದು. ಎಂಜಿನಿಯರಿಂಗ್ ಬೇಕಿದ್ದವರಿಗೆ ಅದೇ ಊರಿನ ಜಾರ್ಜಿಯಾ ಟೆಕ್ ಜೊತೆ ಎರಡು ಪದವಿಗಳ ವ್ಯವಸ್ಥೆಯಿದೆ, ಆದರೆ ಹೆಚ್ಚುವರಿ ವರ್ಷ, ಹೆಚ್ಚುವರಿ ಖರ್ಚು. ಜೈವಿಕ ವೈದ್ಯಕೀಯ ಎಂಜಿನಿಯರಿಂಗ್‌ನಲ್ಲಿ ಎರಡೂ ವಿಶ್ವವಿದ್ಯಾಲಯಗಳು ಸೇರಿ ನಡೆಸುವ ವಿಭಾಗವೊಂದಿದೆ, ಪಿಎಚ್‌ಡಿ ಮಾಡುವವರಿಗೆ ಅದು ನಿಜಕ್ಕೂ ದೊಡ್ಡ ಅವಕಾಶ. ಪಿಯುಸಿ ಮುಗಿಸಿದ ಹುಡುಗನಿಗೆ ಅದರಿಂದ ಸಿಗುವುದು ಕಡಿಮೆ.

ಎರಡನೆಯ ತಪ್ಪು ತಿಳಿವಳಿಕೆ ಡಾಕ್ಟರಾಗುವುದರ ಬಗ್ಗೆ. ಅಮೆರಿಕದಲ್ಲಿ ನಮ್ಮ ಹಾಗೆ ಪಿಯುಸಿ ಆದ ಕೂಡಲೇ ಎಂಬಿಬಿಎಸ್ ಇಲ್ಲ. ನಾಲ್ಕು ವರ್ಷದ ಪದವಿ, ಆಮೇಲೆ ಎಂಕ್ಯಾಟ್ ಪರೀಕ್ಷೆ, ಆಮೇಲೆ ನಾಲ್ಕು ವರ್ಷದ ಎಂಡಿ (ನಮ್ಮ ಎಂಬಿಬಿಎಸ್ ಇದ್ದ ಹಾಗೆ). ಹೆಚ್ಚಿನ ವೈದ್ಯಕೀಯ ಶಾಲೆಗಳು ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದೇ ಇಲ್ಲ, ತೆಗೆದುಕೊಳ್ಳುವ ಕಡೆಯೂ ಬೆರಳೆಣಿಕೆಯ ಸೀಟು. "ಎಮೋರಿ ಮೆಡಿಕಲ್‌ಗೆ ಫೇಮಸ್, ಅಲ್ಲಿ ಓದಿದರೆ ಡಾಕ್ಟರ್ ಆಗಬಹುದು" ಎಂದು ಹೇಳಿ ಕಳಿಸುವ ಏಜೆಂಟರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗ್ರೀನ್ ಕಾರ್ಡ್ ಇರುವ ಕುಟುಂಬದ ಮಕ್ಕಳ ಕಥೆ ಬೇರೆ. ಅವರಿಗೆ ಅಷ್ಟು ದೊಡ್ಡ ಆಸ್ಪತ್ರೆ, ಪ್ರಯೋಗಾಲಯಗಳ ನಡುವೆ ಓದುವುದು ನಿಜವಾದ ಲಾಭ.

ಅರ್ಜಿ ಹಾಕುವಾಗ ಎರಡು ಕ್ಯಾಂಪಸ್ ಕಾಣುತ್ತವೆ: ಅಟ್ಲಾಂಟಾದ್ದು, ಮತ್ತು ಮೂಲ ಊರಾದ ಆಕ್ಸ್‌ಫರ್ಡ್‌ನದು. ಆಕ್ಸ್‌ಫರ್ಡ್‌ನಲ್ಲಿ ಮೊದಲೆರಡು ವರ್ಷ ಸುಮಾರು ಸಾವಿರ ಮಂದಿಯ ಸಣ್ಣ ಕಾಲೇಜಿನಲ್ಲಿ ಓದಿ, ಆಮೇಲೆ ಅಟ್ಲಾಂಟಾಕ್ಕೆ ಬರುವುದು. ಕೊನೆಗೆ ಸಿಗುವ ಪದವಿ ಒಂದೇ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಎಂದು ನೆಂಟರಿಗೆ ಹೇಳಿಕೊಳ್ಳಬೇಡಿ, ಅಷ್ಟೆ. ಸಂಕೋಚದ ಸ್ವಭಾವದ, ಮೇಷ್ಟ್ರ ಹತ್ತಿರ ಕೂತು ಮಾತಾಡಿದರೆ ಅರಳುವ ಮಕ್ಕಳಿಗೆ ಆ ಎರಡು ವರ್ಷ ಚೆನ್ನಾಗಿ ಹೊಂದುತ್ತವೆ. ನಗರ ಬೇಕೆನ್ನುವವರಿಗೆ ಉಸಿರು ಕಟ್ಟುತ್ತದೆ. ಅಟ್ಲಾಂಟಾದಲ್ಲಾದರೆ ನೃಪತುಂಗ ಕನ್ನಡ ಕೂಟವೂ ಇದೆ, 2012ರಲ್ಲಿ ಅಮೆರಿಕದ ಕನ್ನಡ ಕೂಟಗಳ 'ಅಕ್ಕ' ಸಮ್ಮೇಳನವೂ ಅಲ್ಲಿ ನಡೆದಿತ್ತು. ಯುಗಾದಿ ಊಟಕ್ಕೆ ಚಿಂತೆಯಿಲ್ಲ.

ಕರ್ನಾಟಕದ ಜೊತೆ ಎಮೋರಿಗೆ ಇರುವ ನಂಟು ಬೆಂಗಳೂರಿನಲ್ಲಿ ಇಲ್ಲ, ಬೈಲಕುಪ್ಪೆ ಮತ್ತು ಮುಂಡಗೋಡಿನಲ್ಲಿದೆ. ದಲೈ ಲಾಮಾ 2007ರಲ್ಲಿ ಎಮೋರಿಯ ಗೌರವ ಪ್ರಾಧ್ಯಾಪಕ ಹುದ್ದೆ ಒಪ್ಪಿಕೊಂಡರು. ಅವರ ಆಸೆಯಂತೆ ವಿಶ್ವವಿದ್ಯಾಲಯ ಟಿಬೆಟನ್ ಭಿಕ್ಷುಗಳಿಗೆ ಭೌತಶಾಸ್ತ್ರ, ಜೀವಶಾಸ್ತ್ರ, ನರವಿಜ್ಞಾನದ ಪಠ್ಯಕ್ರಮ ಸಿದ್ಧಪಡಿಸಿ, ಟಿಬೆಟನ್-ಇಂಗ್ಲಿಷ್ ಪಠ್ಯಪುಸ್ತಕ ಬರೆಸಿತು. ಬೈಲಕುಪ್ಪೆಯ ಸೆರಾ, ಮುಂಡಗೋಡಿನ ಡ್ರೆಪುಂಗ್ ಮತ್ತು ಗಾಂಡೆನ್ ವಿಹಾರಗಳಲ್ಲಿ ಎಮೋರಿಯ ಅಧ್ಯಾಪಕರು ಬಂದು ವಿಜ್ಞಾನ ಪಾಠ ಮಾಡಿದ್ದಾರೆ. ಆಯ್ದ ಭಿಕ್ಷುಗಳು ಅಟ್ಲಾಂಟಾಕ್ಕೆ ಹೋಗಿ ಓದಿ ಬಂದಿದ್ದಾರೆ. ಇದು ಯಾವ ರ‍್ಯಾಂಕಿಂಗ್ ಕೋಷ್ಟಕದಲ್ಲೂ ಸಿಗದು. ಮನಸ್ಸು, ಧ್ಯಾನ, ನರವಿಜ್ಞಾನ ಇವುಗಳ ನಡುವಿನ ಸಂಶೋಧನೆ ಬೇಕೆನ್ನುವ ವಿದ್ಯಾರ್ಥಿಗೆ ಮಾತ್ರ ಇದರ ಬೆಲೆ ತಿಳಿಯುತ್ತದೆ. ಅಂಥವರು ಅಪರೂಪಕ್ಕೆ ಬರುತ್ತಾರೆ, ಬಂದಾಗ ಎಮೋರಿಯ ಹೆಸರನ್ನು ನಾನು ಮೊದಲು ಹೇಳುತ್ತೇನೆ.

ಬಿಸಿನೆಸ್ ಶಾಲೆಯೂ ಚೆನ್ನಾಗಿದೆ. ಕೋಕಾ-ಕೋಲಾ, ಡೆಲ್ಟಾ, ಹೋಮ್ ಡಿಪೋಗಳ ಮುಖ್ಯ ಕಚೇರಿಗಳಿರುವ ಊರು. ನ್ಯೂಯಾರ್ಕಿನ ಬ್ಯಾಂಕ್ ಕೆಲಸವೇ ಗುರಿಯಾದರೆ ಉತ್ತರದ ಶಾಲೆಗಳ ದಾರಿ ಹೆಚ್ಚು ನೇರ.

ಕೊನೆಗೆ ದುಡ್ಡು. ಬೋಧನಾ ಶುಲ್ಕ, ವಸತಿ, ಊಟ ಎಲ್ಲ ಸೇರಿ ವರ್ಷಕ್ಕೆ 80,000 ಡಾಲರ್ ದಾಟುತ್ತದೆ. ನಾಲ್ಕು ವರ್ಷಕ್ಕೆ ಎರಡೂಮುಕ್ಕಾಲು ಕೋಟಿ ರೂಪಾಯಿಗೆ ಕಡಿಮೆಯಿಲ್ಲ. ಎಮೋರಿ ಶ್ರೀಮಂತ ಸಂಸ್ಥೆ, ಅಮೆರಿಕನ್ ಕುಟುಂಬಗಳಿಗೆ ಉದಾರವಾಗಿ ನೆರವು ಕೊಡುತ್ತದೆ. ಅದನ್ನು ಓದಿ ನಮ್ಮವರು ಆಸೆಪಡುತ್ತಾರೆ. ವಿದೇಶಿ ಅರ್ಜಿದಾರರ ವಿಷಯದಲ್ಲಿ ಹಣ ಕಟ್ಟುವ ಶಕ್ತಿಯೂ ಆಯ್ಕೆಯಲ್ಲಿ ಲೆಕ್ಕಕ್ಕೆ ಬರುತ್ತದೆ, ನೆರವು ಸೀಮಿತ. ಪ್ರತಿಭೆಯ ಮೇಲೆ ಕೊಡುವ ದೊಡ್ಡ ಸ್ಕಾಲರ್‌ಶಿಪ್‌ಗಳಿವೆ, ಆದರೆ ಕೆಲವೇ ಕೆಲವು. ಅರ್ಲಿ ಡಿಸಿಷನ್ ಎಂಬ ದಾರಿಯಲ್ಲಿ ಸೀಟು ಸಿಗುವ ಸಾಧ್ಯತೆ ಹೆಚ್ಚು ಎಂದು ಯಾರಾದರೂ ಹೇಳಿದರೆ, ಸಿಕ್ಕ ಮೇಲೆ ಸೇರಲೇಬೇಕು ಎಂಬ ಒಪ್ಪಂದಕ್ಕೆ ಸಹಿ ಹಾಕುತ್ತಿದ್ದೀರಿ ಎಂಬುದನ್ನು ಮರೆಯಬೇಡಿ. ಬೇರೆಡೆ ಸಿಗಬಹುದಾದ ಸ್ಕಾಲರ್‌ಶಿಪ್ ಹೋಲಿಸಿ ನೋಡುವ ಅವಕಾಶ ಅಲ್ಲಿಗೆ ಮುಗಿಯಿತು. ಪದವಿಯ ನಂತರ ಕೆಲಸ ಮಾಡಲು ಸಿಗುವ ಒಪಿಟಿ ಅವಧಿಯೂ ವಿಷಯದ ಮೇಲೆ ನಿಂತಿದೆ. ಈಗಿರುವ ನಿಯಮದಂತೆ ಎಲ್ಲರಿಗೂ 12 ತಿಂಗಳು, ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದಂಥ ಸ್ಟೆಮ್ ವಿಷಯಗಳಿಗೆ ಇನ್ನೂ 24.

ಕಂಪ್ಯೂಟರ್ ಸೈನ್ಸ್‌ಗೆ ಎಮೋರಿ ಮತ್ತು ಜಾರ್ಜಿಯಾ ಟೆಕ್ ಎರಡರಲ್ಲೂ ಸೀಟು ಸಿಕ್ಕರೆ ಟೆಕ್‌ಗೆ ಹೋಗಿ ಎನ್ನುತ್ತೇನೆ, ಪಟ್ಟಿಯಲ್ಲಿ ಎಮೋರಿ ಮೇಲಿದ್ದರೂ. ಜೀವವಿಜ್ಞಾನ, ಸಾರ್ವಜನಿಕ ಆರೋಗ್ಯ, ನರವಿಜ್ಞಾನ ಎಂದರೆ ಎಮೋರಿ. ಇನ್ನೂ ಏನು ಓದಬೇಕೆಂದು ತಿಳಿಯದ, ಮನೆಯಲ್ಲಿ ಹಣದ ಅಡಚಣೆಯೂ ಇಲ್ಲದ ಮಕ್ಕಳಿಗೂ ಎಮೋರಿ ಸರಿಯೇ. ಸಾಲ ಮಾಡಿಯೇ ಹೋಗಬೇಕು, ವಿಷಯ ಇನ್ನೂ ಗೊತ್ತಿಲ್ಲ ಎನ್ನುವವರು ಭಾರತದಲ್ಲೇ ಪದವಿ ಮುಗಿಸಿ, ಎಂಪಿಎಚ್ ಅಥವಾ ಪಿಎಚ್‌ಡಿಗೆ ಅರ್ಜಿ ಹಾಕಲಿ. ಪಿಎಚ್‌ಡಿಯಾದರೆ ಸಾಮಾನ್ಯವಾಗಿ ಶುಲ್ಕ ಮನ್ನಾ ಆಗಿ ಸ್ಟೈಪೆಂಡೂ ಸಿಗುತ್ತದೆ.