ರಕ್ತದಲ್ಲಿ ಪ್ರೋಟೀನ್ ಏರಿತು, ರೋಗ ನಿಲ್ಲಲಿಲ್ಲ

ಪ್ರೋಗ್ರಾನ್ಯುಲಿನ್ ಎಂಬ ಪ್ರೋಟೀನ್ ನಮ್ಮೆಲ್ಲರ ರಕ್ತದಲ್ಲೂ ಇರುತ್ತದೆ. ಅದನ್ನು ತಯಾರಿಸುವ ಜೀನ್ ಇರುವುದು 17ನೇ ಕ್ರೋಮೋಸೋಮಿನಲ್ಲಿ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಒಟ್ಟು ಎರಡು ಪ್ರತಿ. ಕೆಲವು ಕುಟುಂಬಗಳಲ್ಲಿ ಒಂದು ಪ್ರತಿ ಕೆಟ್ಟಿರುತ್ತದೆ. ಅಂಥವರ ರಕ್ತದಲ್ಲಿ ಈ ಪ್ರೋಟೀನ್ ಸಾಮಾನ್ಯವಾಗಿ ಅರ್ಧಕ್ಕಿಂತಲೂ ಕಡಿಮೆ. ಅವರಲ್ಲಿ ಹೆಚ್ಚಿನವರಿಗೆ ಮುಂದೆ ಫ್ರಂಟೋಟೆಂಪೊರಲ್ ಡಿಮೆನ್ಷಿಯಾ, ಅಂದರೆ ಮೆದುಳಿನ ಮುಂಭಾಗ ಮತ್ತು ಪಕ್ಕದ ಭಾಗಗಳು ಸವೆಯುವ ಕಾಯಿಲೆ ಬರುತ್ತದೆ.

ಈ ಕಾಯಿಲೆ ಬಹಳ ಸಲ ಮರೆವಿನಿಂದ ಶುರುವಾಗುವುದಿಲ್ಲ. ಸ್ವಭಾವ ಬದಲಾಗುತ್ತದೆ, ಮಾತು ತಡವರಿಸುತ್ತದೆ. ಹಟ, ಸಿಡುಕು, ಬೇಸರ ಅಂದುಕೊಂಡೇ ಮನೆಯವರು ವರ್ಷಗಟ್ಟಲೆ ಸಹಿಸಿಕೊಳ್ಳುತ್ತಾರೆ. ಸಂಕಟದ ವಿಷಯವೆಂದರೆ, ರಕ್ತದ ಅಳತೆ ಮಾತ್ರ ಅದಕ್ಕೂ ಎಷ್ಟೋ ವರ್ಷ ಮೊದಲೇ ತಗ್ಗಿರುತ್ತದೆ. ಹಾಗಂತ ಕಾಯಿಲೆ ಯಾವ ವಯಸ್ಸಿಗೆ ಬರುತ್ತದೆ ಎಂದು ಅದು ಹೇಳಲಾರದು. ಒಂದೇ ಮನೆಯಲ್ಲಿ ಒಬ್ಬರಿಗೆ ನಲವತ್ತಕ್ಕೆ, ಇನ್ನೊಬ್ಬರಿಗೆ ಎಪ್ಪತ್ತಕ್ಕೆ ಬರಬಹುದು. ಈ ಜೀನಿನ ನಂಟು ಗೊತ್ತಾಗಿದ್ದು 2006ರಲ್ಲಿ.

ಕೆಟ್ಟ ಪ್ರತಿ ಇಲ್ಲದವರಲ್ಲೂ ಅಳತೆ ಒಂದೇ ಸಮ ಇರುವುದಿಲ್ಲ. ಸಾರ್ಟಿಲಿನ್ ಎಂಬ ಇನ್ನೊಂದು ಪ್ರೋಟೀನ್ ಪ್ರೋಗ್ರಾನ್ಯುಲಿನನ್ನು ಹಿಡಿದು ಜೀವಕೋಶದೊಳಕ್ಕೆ ಎಳೆದುಕೊಳ್ಳುತ್ತದೆ. 1ನೇ ಕ್ರೋಮೋಸೋಮಿನಲ್ಲಿ ಸಾರ್ಟಿಲಿನ್ ಜೀನಿನ ಬಳಿ ಹಲವರಲ್ಲಿ ಕಾಣುವ ಒಂದು ಸಣ್ಣ ವ್ಯತ್ಯಾಸ ಇದೆ. ಅದರಿಂದ ರಕ್ತದ ಪ್ರೋಗ್ರಾನ್ಯುಲಿನ್ ಏರುಪೇರಾಗುತ್ತದೆ ಎಂದು 2010ರಲ್ಲಿ ತಿಳಿಯಿತು. ಜೀನ್ ವ್ಯತ್ಯಾಸಕ್ಕೂ ರಕ್ತದ ಪ್ರೋಟೀನಿಗೂ ಇರುವ ಇಂಥ ನಂಟುಗಳು ಒಂದೆರಡಲ್ಲ. ಬ್ರಿಟನ್ನಿನ ಜನರ ಆರೋಗ್ಯ ಮಾಹಿತಿಯ ದೊಡ್ಡ ಸಂಗ್ರಹವಾದ ಯುಕೆ ಬಯೋಬ್ಯಾಂಕಿನ 54,219 ಜನರ ರಕ್ತದಲ್ಲಿ ಸುಮಾರು 2,900 ಪ್ರೋಟೀನ್‌ಗಳನ್ನು ಅಳೆದ 2023ರ ಅಧ್ಯಯನಕ್ಕೆ 14,000ಕ್ಕೂ ಹೆಚ್ಚು ಸಿಕ್ಕವು. ರಿಪೋರ್ಟಿನ ಒಂದು ಅಂಕಿಯನ್ನು ಓದುವಾಗ ಆ ಮನುಷ್ಯನ ಜೀನ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಲ್ವಾ?

ಸಾರ್ಟಿಲಿನನ್ನು ತಡೆದರೆ ಪ್ರೋಗ್ರಾನ್ಯುಲಿನ್ ಏರುತ್ತದೆ, ಆಗ ಕಾಯಿಲೆ ನಿಧಾನವಾಗಬಹುದು ಎಂಬ ಆಸೆಯಿಂದ ಲಟೋಜಿನೆಮ್ಯಾಬ್ ಎಂಬ ಔಷಧಿ ಬಂತು. ದೊಡ್ಡ ಪ್ರಯೋಗದ ಫಲಿತಾಂಶ 2025ರಲ್ಲಿ ಹೊರಬಿತ್ತು. ರಕ್ತದ ಅಳತೆ ಏರಿತ್ತು. ಕಾಯಿಲೆ ಮಾತ್ರ ನಿಧಾನವಾಗಿರಲಿಲ್ಲ. ಎಷ್ಟೋ ಕುಟುಂಬಗಳು ಕಾದು ಕುಳಿತಿದ್ದ ಫಲಿತಾಂಶ ಅದು.

ನನಗೆ ಅನ್ನಿಸುವುದು ಇಷ್ಟು. ಪ್ರೋಗ್ರಾನ್ಯುಲಿನ್ ಮುಖ್ಯವಾಗಿ ದುಡಿಯುವುದು ಜೀವಕೋಶದ ಒಳಗೆ, ಕಸ ಕರಗಿಸುವ ಲೈಸೋಸೋಮಿನಲ್ಲಿ. ಅಲ್ಲಿಗೆ ಹೋಗುವ ಒಂದು ದಾರಿಯನ್ನೇ ಮುಚ್ಚಿ ಹೊರಗಿನ ಅಳತೆ ಏರಿಸಿದರೆ, ಒಳಗಿನ ಕೊರತೆ ನೀಗಿತು ಎಂದು ಹೇಳಲಾಗದು. ಈಗ ಕೆಲವು ತಂಡಗಳು ನಿರುಪದ್ರವಿ ವೈರಸ್ ಮೂಲಕ ಸರಿಯಾದ ಜೀನನ್ನೇ ಮೆದುಳಿಗೆ ತಲುಪಿಸಿ ನೋಡುತ್ತಿವೆ. ಆ ಪ್ರಯೋಗಗಳಲ್ಲಿ ಪ್ರೋಗ್ರಾನ್ಯುಲಿನ್ ಜೊತೆಗೆ ನ್ಯೂರೋಫಿಲಮೆಂಟ್ ಲೈಟ್ ಎಂಬ ಪ್ರೋಟೀನಿನ ಮೇಲೂ ಕಣ್ಣಿಡಬೇಕು. ನರಕೋಶ ಹಾಳಾದಾಗ ರಕ್ತಕ್ಕೆ ಸೋರುವುದು ಅದು.