ಸ್ಲೇಟಿನ ಐದಕ್ಷರ, ಸ್ಯಾಲೆಟ್‌ನ ಲೆಕ್ಕ

ಎಸ್, ಎಲ್, ಎ, ಟಿ, ಇ. ಇಂಗ್ಲಿಷಿನ ಈ ಐದು ಅಕ್ಷರಗಳನ್ನು 120 ಬಗೆಯಲ್ಲಿ ಸಾಲಾಗಿ ನಿಲ್ಲಿಸಬಹುದು. ಸ್ಲೇಟ್, ಸ್ಟೇಲ್, ಲೀಸ್ಟ್, ಟೇಲ್ಸ್, ಸ್ಟೀಲ್ (ಉಕ್ಕಲ್ಲ, ಕದಿಯುವ ಸ್ಟೀಲ್) ತಕ್ಷಣ ಹೊಳೆಯುತ್ತವೆ. ದೊಡ್ಡ ನಿಘಂಟು ಜಾಲಾಡಿದರೂ ಲೆಕ್ಕ ಹದಿನೈದರ ಆಸುಪಾಸಿಗೆ ನಿಲ್ಲುತ್ತದೆ. ಮಿಕ್ಕ ನೂರು ಜೋಡಣೆಗಳಲ್ಲಿ ಹೆಚ್ಚಿನವು ಬಾಯಿಗೇ ಹತ್ತುವುದಿಲ್ಲ.

ಪದಬಂಧದ ಹುಚ್ಚಿರುವವರಿಗೆ ಇದು ಹೊಸದಲ್ಲ. ಆದರೆ ಐದಕ್ಷರದ ಪದಗಳಿಗೆ ಜಗತ್ತೇ ತಲೆ ಕೆಡಿಸಿಕೊಳ್ಳುವಂತೆ ಮಾಡಿದ್ದು ಜೋಶ್ ವಾರ್ಡಲ್ 2021ರಲ್ಲಿ ಹೊರಬಿಟ್ಟ ವರ್ಡಲ್ ಆಟ. ಗುಟ್ಟಾಗಿಟ್ಟ ಪದವನ್ನು ಆರು ಊಹೆಗಳಲ್ಲಿ ಹಿಡಿಯಬೇಕು. ಅಕ್ಷರವೂ ಜಾಗವೂ ಸರಿಯಿದ್ದರೆ ಹಸಿರು, ಅಕ್ಷರವಿದ್ದು ಜಾಗ ತಪ್ಪಿದ್ದರೆ ಹಳದಿ, ಇಲ್ಲದಿದ್ದರೆ ಬೂದು. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನು ಕೊಂಡುಕೊಂಡಿತು. ಆಮೇಲೆ ಆಟದ ಪದಪಟ್ಟಿ ಅಷ್ಟಿಷ್ಟು ಬದಲಾಗಿರುವುದರಿಂದ ಇಲ್ಲಿನ ಅಂಕಿಗಳೆಲ್ಲ ಮೂಲ ಪಟ್ಟಿಯವು.

26 ಅಕ್ಷರಗಳಿಂದ ಐದಕ್ಷರದ 1,18,81,376 ಜೋಡಣೆಗಳು ಸಾಧ್ಯ. ಮೂಲ ಆಟ ಒಪ್ಪುತ್ತಿದ್ದುದು 12,972 ಪದಗಳನ್ನು, ಅಂದರೆ ಸುಮಾರು 900ಕ್ಕೆ ಒಂದು. ಅದರಲ್ಲೂ ಉತ್ತರವಾಗುವ ಅರ್ಹತೆ ಇದ್ದದ್ದು ಜನರಿಗೆ ಪರಿಚಿತವಾದ 2,315ಕ್ಕೆ ಮಾತ್ರ.

ಯಾವ ಅಕ್ಷರ ಹೆಚ್ಚು ಬರುತ್ತದೆ ಎಂದರೆ ಹಳೆಯ ಮುದ್ರಣದವರು ಕಣ್ಣುಮುಚ್ಚಿ ಹೇಳುತ್ತಿದ್ದ ಕ್ರಮ ಇ, ಟಿ, ಎ, ಓ, ಐ, ಎನ್. ಅದನ್ನು ನಂಬಿ ಇಲ್ಲಿಗೆ ಬಂದರೆ ಎಡವುತ್ತೀರಿ. ಆ ಕ್ರಮ ಬಂದದ್ದು ಪತ್ರಿಕೆ, ಪುಸ್ತಕಗಳ ಓಡುವ ಗದ್ಯದಿಂದ. ಅಲ್ಲಿ 'ದ', 'ದ್ಯಾಟ್', 'ದಿಸ್' ಹೆಜ್ಜೆಗೊಂದು ಬಂದು ಟಿ ಮತ್ತು ಎಚ್‌ಗಳನ್ನು ಮೇಲೆತ್ತುತ್ತವೆ. ಪದಪಟ್ಟಿಯಲ್ಲಾದರೋ ಪ್ರತಿ ಪದಕ್ಕೂ ಒಂದೇ ಸಲ ಹಾಜರಿ. 2,315 ಉತ್ತರಗಳಲ್ಲಿ ಕ್ರಮ ಇ, ಎ, ಆರ್, ಓ, ಟಿ ಎಂದಾಗುತ್ತದೆ; ಗದ್ಯದಲ್ಲಿ ಎಂಟನೆಯದಾಗಿದ್ದ ಎಚ್ ಹದಿನಾಲ್ಕಕ್ಕೆ ಇಳಿಯುತ್ತದೆ. ಎಸ್‌ನ ಕಥೆ ಇನ್ನೂ ವಿಚಿತ್ರ. 12,972ರ ದೊಡ್ಡ ಪಟ್ಟಿಯಲ್ಲಿ ಅದು ಇ ಜೊತೆ ಮೊದಲ ಸ್ಥಾನಕ್ಕೇ ಪೈಪೋಟಿ ನಡೆಸುತ್ತದೆ, ಏಕೆಂದರೆ ನಾಲ್ಕಕ್ಷರದ ಹೆಚ್ಚಿನ ನಾಮಪದಗಳಿಗೆ ಎಸ್ ಬಾಲ ಅಂಟಿಸಿ ಬಹುವಚನ ಮಾಡಬಹುದು. ಉತ್ತರಗಳ ಪಟ್ಟಿಯಿಂದ ಅಂಥ ಬಹುವಚನಗಳನ್ನು ಕೈಬಿಟ್ಟದ್ದರಿಂದ ಎಸ್‌ನಲ್ಲಿ ಮುಗಿಯುವ ಉತ್ತರಗಳು ಬರೀ 36. ಎಸ್‌ನಿಂದ ಶುರುವಾಗುವವು 366! ಕೊನೆಯಲ್ಲಿ ಎಸ್ ಇಟ್ಟು ಊಹಿಸುವುದು ಬಹುಮಟ್ಟಿಗೆ ಒಂದು ಮನೆಯನ್ನು ಖಾಲಿ ಬಿಟ್ಟಂತೆ.

ಹಾಗಾದರೆ ಹೆಚ್ಚು ಬರುವ ಅಕ್ಷರವೇ ಒಳ್ಳೆಯ ಅಕ್ಷರವೇ? ಪೂರ್ತಿ ಹಾಗಲ್ಲ. ಪಟ್ಟಿಯನ್ನು ಅರ್ಧಕ್ಕೆ ಸೀಳುವ ಅಕ್ಷರ ಒಳ್ಳೆಯದು. ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶಾನನ್ 1948ರಲ್ಲಿ ಕೊಟ್ಟ ಲೆಕ್ಕದಂತೆ, ಹೌದು-ಇಲ್ಲ ಎರಡಕ್ಕೂ ಸಮಾನ ಅವಕಾಶವಿರುವ ಪ್ರಶ್ನೆಯಿಂದ ಸಿಗುವ ಮಾಹಿತಿ ಒಂದು ಬಿಟ್. ಇ ಇರುವ ಉತ್ತರಗಳು 1,056, ಅಂದರೆ ಶೇ. 46. ಹೀಗಾಗಿ 'ಇ ಇದೆಯೇ?' ಎಂಬ ಪ್ರಶ್ನೆಗೆ 0.99 ಬಿಟ್ ಬೆಲೆ. ಜೆ ಇರುವುದು 27ರಲ್ಲಿ. ಸಿಕ್ಕರೆ ಲಾಟರಿಯೇ, ಆದರೆ ನೂರಕ್ಕೆ 98 ಸಲಕ್ಕೂ ಹೆಚ್ಚು 'ಇಲ್ಲ' ಎಂದೇ ಬರುವುದರಿಂದ ಸರಾಸರಿ ಬೆಲೆ 0.09 ಬಿಟ್. 2,315ರಲ್ಲಿ ಒಂದನ್ನು ಗುರುತಿಸಲು ಬೇಕಾದದ್ದು ಸುಮಾರು 11.2 ಬಿಟ್.

ಈಗ ಮತ್ತೆ ಸ್ಲೇಟಿಗೆ. ಅದೇ ಐದಕ್ಷರಗಳ ಇನ್ನೊಂದು ಜೋಡಣೆ ಸ್ಯಾಲೆಟ್, ಅಂದರೆ ಮಧ್ಯಯುಗದ ಯುರೋಪಿನ ಒಂದು ಶಿರಸ್ತ್ರಾಣ. ಆಟದ ಎಲ್ಲ ದಾರಿಗಳನ್ನೂ ಕಂಪ್ಯೂಟರಿನಲ್ಲಿ ಶೋಧಿಸಿದವರಿಗೆ ಅತ್ಯುತ್ತಮ ಮೊದಲ ಊಹೆಯಾಗಿ ಸಿಕ್ಕಿದ್ದು ಇದೇ. ಮುಂದೆಯೂ ತಪ್ಪಿಲ್ಲದೆ ಆಡಿದರೆ ಸರಾಸರಿ 3.421 ಊಹೆಗಳಲ್ಲಿ ಆಟ ಮುಗಿಯುತ್ತದೆ. ತಮಾಷೆಯೆಂದರೆ ಸ್ಯಾಲೆಟ್ ಉತ್ತರಗಳ ಪಟ್ಟಿಯಲ್ಲೇ ಇಲ್ಲ. ಎಂದಿಗೂ ಸರಿಯಾಗಲಾರದ ಊಹೆಯೇ ಒಟ್ಟು ಆಟದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ಇದನ್ನು ಮರೆತವರು ಬೀಳುವ ಹೊಂಡ 'ನೈಟ್'. ಎರಡನೇ ಊಹೆಯಾಗಿ ಎನ್-ಐ-ಜಿ-ಎಚ್-ಟಿ ಹಾಕಿದಿರಿ; ಎನ್ ಬೂದು, ಉಳಿದ ನಾಲ್ಕೂ ಹಸಿರು. ಗೆದ್ದೇಬಿಟ್ಟೆವು ಅನಿಸುತ್ತದೆ. ಆದರೆ ಫೈಟ್, ಲೈಟ್, ಮೈಟ್, ಎಯ್ಟ್, ರೈಟ್, ಸೈಟ್, ಟೈಟ್ ಎಂದು ಏಳು ಪರಿಚಿತ ಪದಗಳು ಬಾಕಿ, ಅವಕಾಶ ನಾಲ್ಕೇ. ಒಂದೊಂದಾಗಿ ಹಾಕುತ್ತ ಹೋದರೆ ಏಳರಲ್ಲಿ ಮೂರು ಸಲ ಸೋಲು. ಬದಲಿಗೆ ಮೂರನೇ ಊಹೆಗೆ 'ಫ್ಲೇಮ್' ಹಾಕಿ. ಎಫ್ ಹಸಿರಾದರೆ ಫೈಟ್. ಎಲ್ ಹಳದಿಯಾದರೆ ಲೈಟ್, ಎಂ ಆದರೆ ಮೈಟ್, ಇ ಆದರೆ ಎಯ್ಟ್. ಎಲ್ಲ ಬೂದಾದರೆ ಉಳಿಯುವುದು ಮೂರು ಪದ, ಅವಕಾಶವೂ ಮೂರು. ಸೋಲುವ ಮಾತೇ ಇಲ್ಲ. ಸಿಕ್ಕ ಸುಳಿವನ್ನು ಬಿಡುವಂತಿಲ್ಲ ಎನ್ನುವ ಕಠಿಣ ವಿಧಾನದಲ್ಲಿ ಮಾತ್ರ ಈ ಉಪಾಯ ನಡೆಯದು.

ಇನ್ನೊಂದು ಎಡವಟ್ಟು ಜೋಡಿ ಅಕ್ಷರದ್ದು. ಗುಟ್ಟಿನ ಪದ 'ಅಬೈಡ್', ನಿಮ್ಮ ಊಹೆ 'ಸ್ಪೀಡ್'. ಮೊದಲ ಇ ಹಳದಿ, ಎರಡನೆಯದು ಬೂದು. ಬೂದು ಕಂಡು 'ಇ ಇಲ್ಲ' ಎಂದುಕೊಂಡರೆ ಕೆಟ್ಟಿತು. ಅದರ ಅರ್ಥ 'ಎರಡನೇ ಇ ಇಲ್ಲ' ಎಂದಷ್ಟೇ. ಉತ್ತರಗಳಲ್ಲಿ ಹೆಚ್ಚುಕಡಿಮೆ ಮೂರಕ್ಕೊಂದು ಯಾವುದಾದರೂ ಅಕ್ಷರವನ್ನು ಎರಡು ಸಲ ಬಳಸುತ್ತದೆ.

ಇಂಥಿಂಥ ಅಕ್ಷರಗಳಿರುವ ಪದ ಹುಡುಕಲು ಕಂಪ್ಯೂಟರಿಗೆ ಹೇಳುವ ಬಗೆ ಬೇರೆ. ಎ ಎಂದರೆ 1, ಬಿ ಎಂದರೆ 2, ಸಿ 4, ಡಿ 8 ಹೀಗೆ ಇಮ್ಮಡಿಸುತ್ತ ಹೋಗಿ, ಪದದ ಅಕ್ಷರಗಳ ಬೆಲೆ ಕೂಡಿಸಿ. ಸ್ಲೇಟ್‌ಗೆ 7,88,497. ಸ್ಟೇಲ್, ಲೀಸ್ಟ್, ಸ್ಯಾಲೆಟ್‌ಗೂ ಅದೇ. ಎರಡು ಪದಗಳ ಇಂಥ ಸಂಖ್ಯೆಗಳನ್ನು 0, 1ರಲ್ಲಿ ಬರೆದು ಬಿಟ್ ಬಿಟ್ (ಇಲ್ಲಿ ಬಿಟ್ ಎಂದರೆ 0 ಅಥವಾ 1ರ ಒಂದು ಮನೆ) ತಾಳೆಹಾಕಿ, ಎರಡರಲ್ಲೂ 1 ಇದ್ದಲ್ಲಿ ಮಾತ್ರ 1 ಉಳಿಸಿ; ಕೊನೆಗೆ ಸೊನ್ನೆ ಬಂದರೆ ಅವುಗಳಲ್ಲಿ ಸಮಾನ ಅಕ್ಷರ ಒಂದೂ ಇಲ್ಲ. ಜಾಗ ಮತ್ತು ಜೋಡಿ ಅಕ್ಷರ ಈ ಸಂಖ್ಯೆಯಲ್ಲಿ ಕಾಣುವುದಿಲ್ಲ (ಜೋಡಿಯಿದ್ದರೂ ಒಂದೇ ಸಲ ಕೂಡಿಸಬೇಕು), ಅವನ್ನು ಆಮೇಲೆ ನೋಡಿಕೊಂಡರಾಯಿತು.

ಯಾವ ಅಕ್ಷರವೂ ಮರುಕಳಿಸದ ಐದಕ್ಷರದ ಐದು ಪದಗಳನ್ನು ಹುಡುಕಲು ಗಣಿತಪ್ರಿಯ ಮ್ಯಾಟ್ ಪಾರ್ಕರ್ ಬರೆದ ಮೊದಲ ಪ್ರೋಗ್ರಾಂ ಸುಮಾರು ಒಂದು ತಿಂಗಳು ಓಡಿತ್ತು. ಈ ಬಿಟ್ ಉಪಾಯ ಮತ್ತಿತರ ಕೈಚಳಕಗಳಿಂದ ಅವರ ಯೂಟ್ಯೂಬ್ ನೋಡುಗರು ಅದನ್ನು ಒಂದು ಸೆಕೆಂಡಿಗೂ ಬಹಳ ಕೆಳಗೆ ಇಳಿಸಿದರು. ಸಿಕ್ಕ ಉತ್ತರಗಳಲ್ಲೊಂದು: ಫ್ಯೋರ್ಡ್, ಗಕ್ಸ್, ನಿಂಫ್, ವೈಬೆಕ್ಸ್, ವಾಲ್ಟ್ಸ್. ಇಪ್ಪತ್ತೈದು ಅಕ್ಷರ, ಕ್ಯೂ ಒಂದೇ ಹೊರಗೆ. ವೈ ಸೇರಿಸಿಕೊಂಡರೂ ಸ್ವರಗಳು ಆರೇ ಇರುವುದರಿಂದ ತಲೆಗೊಂದು ಹಂಚಿದರೆ ಮುಗಿಯಿತು. ಅದಕ್ಕೇ ಪದಗಳು ಇಷ್ಟು ವಕ್ರ.

ಕನ್ನಡದಲ್ಲಿ ಈ ಆಟ ಕಟ್ಟಲು ಹೊರಟರೆ ಮೊದಲ ಜಗಳ 'ಅಕ್ಷರ' ಎಂದರೆ ಯಾವುದು ಎಂಬುದೇ. 'ಶಾಸ್ತ್ರ' ನಮ್ಮ ಕಣ್ಣಿಗೆ ಎರಡಕ್ಷರ. ಕಂಪ್ಯೂಟರಿನ ಯೂನಿಕೋಡ್ ಲೆಕ್ಕದಲ್ಲಿ ಶ, ದೀರ್ಘ, ಸ, ವಿರಾಮ (ಸ್ವರ ಕಳೆಯುವ ಚಿಹ್ನೆ), ತ, ವಿರಾಮ, ರ ಎಂದು ಏಳು.